ಸ್ಮಶಾನಕ್ಕೊಂದು ಡಿಜಿಟಲ್ ನಕ್ಷೆ: ಕಾಗದ, ಕಲ್ಲು, ನೆಲ ಮೂರನ್ನೂ ಹೊಂದಿಸುವ ಬಗೆ

ಹಳೆಯ ಸ್ಮಶಾನಗಳ ಸರಿಯಾದ ನಕ್ಷೆ ಬಹುಮಟ್ಟಿಗೆ ಗುಂಡಿ ತೋಡುವವರ ತಲೆಯಲ್ಲಿ ಇರುತ್ತದೆ. ಯಾವ ಸಾಲಿನಲ್ಲಿ ಬಂಡೆ ಸಿಕ್ಕಿತ್ತು, ಯಾವ ಕಲ್ಲನ್ನು ಯಾವಾಗ ಪಕ್ಕಕ್ಕೆ ಸರಿಸಿದರು, ಕಲ್ಲೇ ಇಲ್ಲದ ಜಾಗದಲ್ಲಿ ಯಾರಿದ್ದಾರೆ, ಎಲ್ಲ ಅವರಿಗೆ ಗೊತ್ತು. ಅವರು ಕೆಲಸ ಬಿಟ್ಟ ದಿನ ಆ ನಕ್ಷೆಯೂ ಅವರ ಜೊತೆ ಹೋಗುತ್ತದೆ. ಉಳಿಯುವುದು ಮೂಲೆ ಹರಿದ ಒಂದು ಕಾಗದದ ನಕ್ಷೆ, ನಾಲ್ಕೈದು ಕೈಬರಹಗಳ ರಿಜಿಸ್ಟರ್, ಅಕ್ಷರ ಮಾಸಿದ ಕಲ್ಲುಗಳು.

ಇದನ್ನೆಲ್ಲ ಕಂಪ್ಯೂಟರಿಗೆ ತರಬೇಕು ಎಂದು ಹೊರಟವರಿಗಾಗಿ ಈ ಬರಹ. ದುಬಾರಿ ತಂತ್ರಾಂಶ ಬೇಕಿಲ್ಲ. ಒಂದು ಸಾಧಾರಣ ಕಂಪ್ಯೂಟರ್, ಒಂದು ಫೋನ್, ಉದ್ದದ ಅಳತೆ ಟೇಪು ಇದ್ದರೆ ಶುರುಮಾಡಬಹುದು. ನಕ್ಷೆಗೆ ಕ್ಯೂಜಿಐಎಸ್ ಎನ್ನುವ ಉಚಿತ ತಂತ್ರಾಂಶ ಸಾಕು. ಕಷ್ಟ ಇರುವುದು ಬೇರೆ ಕಡೆ. ರಿಜಿಸ್ಟರ್ ಒಂದು ಹೇಳುತ್ತದೆ, ಕಲ್ಲು ಇನ್ನೊಂದು ಹೇಳುತ್ತದೆ, ನೆಲ ಮೂರನೆಯದನ್ನು ಹೇಳುತ್ತದೆ. ಯಾವುದು ನಿಜ ಅಂತ ಅವಸರದಲ್ಲಿ ತೀರ್ಮಾನಿಸಿ ಉಳಿದೆರಡನ್ನು ಅಳಿಸಿಬಿಟ್ಟರೆ, ಹಳೆಯ ತಪ್ಪಿಗೆ ಹೊಸ ಬಣ್ಣ ಬಳಿದಂತೆ ಆಗುತ್ತದೆ.

ಇದು ಸಣ್ಣ ಸ್ಮಶಾನಗಳ ಗೋಳು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ 2010ರಲ್ಲಿ ಸೇನೆಯೇ ತನಿಖೆ ಮಾಡಿದಾಗ ನಕ್ಷೆಗೂ ಸಮಾಧಿಗಳಿಗೂ ತಾಳೆಯಾಗದ 211 ಪ್ರಕರಣ ಸಿಕ್ಕವು. ಅಲ್ಲಿ ಆಗ ಕೆಲಸ ನಡೆಯುತ್ತಿದ್ದದ್ದು ಕಾಗದದ ಕಾರ್ಡು ಮತ್ತು ಕಾಗದದ ನಕ್ಷೆಯಲ್ಲೇ. ಸರಿಪಡಿಸಲು ಅವರು ಮಾಡಿದ ಕೆಲಸ ನೋಡಿ: ಸೈನಿಕರು ಫೋನ್ ಹಿಡಿದು ಸಾಲು ಸಾಲಾಗಿ ನಡೆದು ಎರಡೂವರೆ ಲಕ್ಷಕ್ಕೂ ಹೆಚ್ಚು ಸಮಾಧಿಗಳ ಫೋಟೋ ತೆಗೆದರು. ಪ್ರತಿ ಫೋಟೋವನ್ನೂ ಹಳೆಯ ದಾಖಲೆಯ ಪಕ್ಕ ಇಟ್ಟು ಹೋಲಿಸಲಾಯಿತು. ಸಾರ್ವಜನಿಕರು ಸಮಾಧಿ ಹುಡುಕುವ ಆ್ಯಪ್ ಬಂದದ್ದು ಅದಾದ ಮೇಲೆ, 2012ರಲ್ಲಿ. ಮೊದಲು ತಾಳೆ, ಆಮೇಲೆ ಆ್ಯಪ್. ನಾವೂ ಅದೇ ಕ್ರಮ ಹಿಡಿಯೋಣ.

ಮೊದಲ ಹೆಜ್ಜೆ: ಇರುವುದನ್ನೆಲ್ಲ ಹಾಗೇ ಕಾಪಾಡಿ

ಏನನ್ನೂ ಟೈಪ್ ಮಾಡುವ ಮೊದಲು ರಿಜಿಸ್ಟರ್‌ಗಳ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಸಾಕು. ಶಾಯಿ ಮಸುಕಾಗಿದ್ದರೆ 400 ಇಡಿ, ಬಣ್ಣದಲ್ಲೇ ತೆಗೆಯಿರಿ. ಕಪ್ಪು ಬಿಳುಪಿನಲ್ಲಿ ಪೆನ್ಸಿಲ್ ತಿದ್ದುಪಡಿಯೂ ಕೆಂಪು ಶಾಯಿಯ ಗುರುತೂ ಒಂದೇ ಥರ ಕಾಣುತ್ತವೆ. ಖಾಲಿ ಪುಟ, ರಟ್ಟಿನ ಒಳಭಾಗ, ನಡುವೆ ಸಿಕ್ಕಿಸಿದ ಚೀಟಿ ಯಾವುದನ್ನೂ ಬಿಡಬೇಡಿ. ಎಷ್ಟೋ ಸಲ ಮುಖ್ಯ ಮಾಹಿತಿ ಆ ಚೀಟಿಯಲ್ಲೇ ಇರುತ್ತದೆ.

ಹಾಗೆಯೇ ಗುಂಡಿ ತೋಡುವವರ ಜೊತೆ, ಹಳೆಯ ಕಾವಲುಗಾರರ ಜೊತೆ ಒಂದು ದಿನ ಸ್ಮಶಾನ ಸುತ್ತಿ. ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೈಯಲ್ಲೊಂದು ಒರಟು ನಕ್ಷೆ ಇಟ್ಟುಕೊಂಡು ಅವರು ತೋರಿಸಿದಲ್ಲೆಲ್ಲ ಗುರುತು ಹಾಕಿ. ಇಡೀ ಯೋಜನೆಯಲ್ಲಿ ಮುಂದೂಡಲಾಗದ ಕೆಲಸ ಇದೊಂದೇ. ಕಲ್ಲು ಇನ್ನೊಂದು ವರ್ಷ ಕಾಯುತ್ತದೆ, ಮನುಷ್ಯರ ನೆನಪು ಕಾಯುವುದಿಲ್ಲ.

ಎರಡನೆಯದು: ಪ್ರತಿ ಜಾಗಕ್ಕೂ ಬದಲಾಗದ ಒಂದು ನಂಬರ್

ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ಎಡವಟ್ಟು. ಸ್ಮಶಾನವನ್ನು ವಿಭಾಗಗಳಾಗಿ ಒಡೆಯಿರಿ. ವಿಭಾಗದೊಳಗೆ ಸಾಲು, ಸಾಲಿನೊಳಗೆ ಜಾಗ. 'ಬಿ-07-023' ಅಂದರೆ ಬಿ ವಿಭಾಗ, ಏಳನೇ ಸಾಲು, ಇಪ್ಪತ್ತಮೂರನೇ ಜಾಗ. ಮುಂದಿನ ಸೊನ್ನೆಗಳನ್ನು ಬಿಡಬೇಡಿ. ಅವಿಲ್ಲದಿದ್ದರೆ ಕಂಪ್ಯೂಟರ್ 2ರ ಮೊದಲು 10ನ್ನು, 11ನ್ನು ಜೋಡಿಸಿ ಕೂರುತ್ತದೆ.

ನಂಬರ್ ಕೊಡುವುದು ಜಾಗಕ್ಕೆ. ಮನುಷ್ಯರಿಗಲ್ಲ, ಕಲ್ಲಿಗೂ ಅಲ್ಲ. ಎಲ್ಲ ಸಾಲನ್ನೂ ಒಂದೇ ದಿಕ್ಕಿನಿಂದ ಎಣಿಸಿ. ಹಾವಿನಂತೆ ಒಂದು ಸಾಲು ಆ ಕಡೆಯಿಂದ, ಮುಂದಿನದು ಈ ಕಡೆಯಿಂದ ಎಣಿಸಿದರೆ ನಡೆಯುವವರಿಗೆ ಸುಲಭ, ಹುಡುಕುವವರಿಗೆ ತಲೆನೋವು. ಒಂದು ಜಾಗ ಮುಂದೆ ಎರಡಾದರೆ ಹಳೆಯ ನಂಬರನ್ನು ರದ್ದು ಮಾಡಿ ಎರಡು ಹೊಸ ನಂಬರ್ ಕೊಡಿ. ರದ್ದಾದ ನಂಬರನ್ನು ಮತ್ತೆ ಯಾವತ್ತೂ ಬಳಸಬೇಡಿ.

ಹಳೆಯ ನಂಬರ್ ಪದ್ಧತಿ ಒಂದು ಇದ್ದೇ ಇರುತ್ತದೆ, ಅಲ್ವಾ? ಅದನ್ನು ಎಸೆಯಬೇಡಿ. 'ಹಳೆಯ ನಂಬರ್' ಅಂತ ಒಂದು ಕಾಲಂ ಮಾಡಿ ಅದರಲ್ಲಿ ಇಡಿ. ಕುಟುಂಬದವರ ಕೈಯಲ್ಲಿರುವ ರಸೀದಿಯಲ್ಲಿ ಇರುವುದು ಅದೇ ನಂಬರ್.

ಮೂರನೆಯದು: ನೆಲದ ನಕ್ಷೆ

ಫೋನ್ ತೆಗೆದು ಪ್ರತಿ ಸಮಾಧಿಯ ಮೇಲೆ ನಿಂತು ಜಿಪಿಎಸ್ ಗುರುತು ಹಾಕಿದರೆ ಆಯ್ತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಮರದ ಕೆಳಗೆ, ಗೋಡೆಯ ಪಕ್ಕ ಇನ್ನೂ ಜಾಸ್ತಿ. ಲೆಕ್ಕ ಹಾಕಿ ನೋಡಿ. 5 ಮೀಟರ್ ತ್ರಿಜ್ಯದ ವೃತ್ತ ಅಂದರೆ 78 ಚದರ ಮೀಟರ್. 1 ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಸಮಾಧಿಗಳು 30ರಷ್ಟು ಅದರೊಳಗೆ ಹಿಡಿಯುತ್ತವೆ. 'ಈ ಮೂವತ್ತರಲ್ಲಿ ಯಾವುದೋ ಒಂದು' ಅಂತ ಹೇಳುವ ನಕ್ಷೆ ಯಾರಿಗೆ ಬೇಕು? ಬಂದವರನ್ನು ಸರಿಯಾದ ಸಾಲಿನ ಹತ್ತಿರ ಕರೆದೊಯ್ಯಲು ಫೋನಿನ ಜಿಪಿಎಸ್ ಪರವಾಗಿಲ್ಲ. ಜಾಗದ ಗಡಿ ಎಳೆಯಲು ಮಾತ್ರ ಅದು ಬೇಡ.

ದಾರಿ ಮೂರಿವೆ. ಆರ್‌ಟಿಕೆ ರಿಸೀವರ್ (ತಿದ್ದುಪಡಿ ಸಂಕೇತ ಬಳಸಿ ಜಾಗ ಹೇಳುವ ಸರ್ವೆ ಜಿಪಿಎಸ್) ಇದ್ದರೆ 1ರಿಂದ 2 ಸೆಂಟಿಮೀಟರ್ ನಿಖರತೆ ಸಿಗುತ್ತದೆ. ಅದನ್ನು ಕೊಳ್ಳಬೇಕಿಲ್ಲ, ಸರ್ವೆಯವರನ್ನು ಒಂದು ದಿನದ ಮಟ್ಟಿಗೆ ಕರೆಸಿದರೂ ಆಯಿತು. ಎಲ್ಲ ಸಮಾಧಿಗಳನ್ನೂ ಅವರಿಂದ ಅಳೆಸಬೇಡಿ. ಗೋಡೆಯ ಮೂಲೆಗಳು, ಗೇಟಿನ ಕಂಬಗಳು, ಸಾಲುಗಳ ಎರಡು ತುದಿ, ಇಷ್ಟೇ ಸಾಕು. ಒಳಗಿನದ್ದನ್ನು ಟೇಪಿನಲ್ಲಿ ನೀವೇ ಅಳೆಯಬಹುದು.

ಎರಡನೆಯ ದಾರಿ ಡ್ರೋನ್. 40 ಮೀಟರ್ ಎತ್ತರದಿಂದ ತೆಗೆದರೆ ಸಾಮಾನ್ಯವಾಗಿ ಫೋಟೋದ ಒಂದು ಪಿಕ್ಸೆಲ್ ನೆಲದ ಮೇಲೆ 1ರಿಂದ 2 ಸೆಂಟಿಮೀಟರಿಗೆ ಸಮ. ಒಂದು ಫೋಟೋ ಮುಂದಿನದರ ಮೇಲೆ ಶೇಕಡಾ 75ರಿಂದ 80ರಷ್ಟು ಹರಡಿಕೊಂಡಿರಲಿ. ನೆಲದಲ್ಲಿ ಕಪ್ಪು ಬಿಳಿ ಚೌಕದ ಗುರುತುಗಳನ್ನು ಕನಿಷ್ಠ 5 ಕಡೆ ಇಟ್ಟು, ಅವುಗಳ ಜಾಗವನ್ನು ನಿಖರವಾಗಿ ಅಳೆದಿರಿ. ಫೋಟೋಗಳನ್ನು ಹೊಲಿದು ಒಂದೇ ಚಿತ್ರ ಮಾಡಲು ಓಪನ್‌ಡ್ರೋನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶ ಇದೆ. ಹಾರಿಸುವ ಮೊದಲು ಅನುಮತಿ ಪಡೆಯಿರಿ. ಅಂತ್ಯಸಂಸ್ಕಾರ ನಡೆಯುವಾಗ ಹಾರಿಸಬೇಡಿ. ಇದನ್ನು ಹೇಳಬೇಕಾಗಿರಲಿಲ್ಲ, ಆದರೂ ಹೇಳುತ್ತಿದ್ದೇನೆ. ಮರಗಳು ದಟ್ಟವಾಗಿದ್ದರೆ ಡ್ರೋನ್ ಕೆಲಸಕ್ಕೆ ಬರುವುದಿಲ್ಲ. ಎಲೆ ಕಾಣುತ್ತದೆ, ಸಮಾಧಿ ಕಾಣುವುದಿಲ್ಲ.

ಮೂರನೆಯದು ಬರೀ ಟೇಪು. ಗಟ್ಟಿಯಾದ ಎರಡು ಗುರುತುಗಳ ನಡುವೆ ದಾರ ಕಟ್ಟಿ, ದಾರದ ಉದ್ದಕ್ಕೂ ಎಷ್ಟು ದೂರ, ದಾರದಿಂದ ಪಕ್ಕಕ್ಕೆ ಎಷ್ಟು ದೂರ ಎಂದು ಪ್ರತಿ ಜಾಗವನ್ನೂ ಅಳೆಯಿರಿ. ಪಕ್ಕದ ಅಳತೆ ಲಂಬ ಕೋನದಲ್ಲಿ ಇದೆಯೇ ಎಂದು ನೋಡಲು 3-4-5ರ ತ್ರಿಕೋನ (ಬದಿಗಳು 3, 4, 5 ಮೀಟರ್ ಇದ್ದರೆ 3ಕ್ಕೂ 4ಕ್ಕೂ ನಡುವೆ ಲಂಬ ಕೋನ) ಇದೆಯಲ್ಲ, ಅದೇ ಸಾಕು. ನಿಧಾನ, ಆದರೆ ತಪ್ಪು ಕಡಿಮೆ. ಸಣ್ಣ ಸ್ಮಶಾನವಾದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಅಳೆಯುತ್ತಾ ನಡೆದಾಗ ಪ್ರತಿ ಸಮಾಧಿಯನ್ನೂ ಒಮ್ಮೆ ಕಣ್ಣಾರೆ ನೋಡಿದಂತಾಗುತ್ತದೆ.

ಹಳೆಯ ಕಾಗದದ ನಕ್ಷೆ ಇದ್ದರೆ ಅದರ ಸ್ಕ್ಯಾನನ್ನೂ ಕ್ಯೂಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ಹೊಸ ನಕ್ಷೆಯ ಮೇಲೆ ಕೂರಿಸಿ. ಗೋಡೆಯ ಮೂಲೆ, ಗೇಟು, ಬಾವಿಯಂಥ ಅಲ್ಲಾಡದ ಗುರುತುಗಳನ್ನೇ ಹಿಡಿಯಿರಿ. ಮರಗಳನ್ನು ನಂಬಬೇಡಿ. ಆರೇಳು ಗುರುತು ಇರಲಿ, ನಕ್ಷೆಯ ಎಲ್ಲ ಮೂಲೆಗೂ ಹರಡಿರಲಿ. ಒಂದು ಎಚ್ಚರಿಕೆ: 'ಥಿನ್ ಪ್ಲೇಟ್ ಸ್ಪ್ಲೈನ್' ಎಂಬ ಆಯ್ಕೆ ನಿಮ್ಮ ಗುರುತುಗಳಲ್ಲಿ ತಪ್ಪು ಸೊನ್ನೆ ಎಂದೇ ತೋರಿಸುತ್ತದೆ. ಕಾಗದವನ್ನು ರಬ್ಬರಿನಂತೆ ಎಳೆದು ಕೂರಿಸುವುದೇ ಅದರ ಕೆಲಸ. ಮೊದಲು 'ಪಾಲಿನಾಮಿಯಲ್ 1' ಬಳಸಿ, ಅದು ಕಾಗದವನ್ನು ಬಾಗಿಸದೆ ಕೂರಿಸುತ್ತದೆ. ಎಲ್ಲಿ ಎಷ್ಟು ಮೀಟರ್ ತಪ್ಪಿದೆ ಎನ್ನುವುದು ಆಗ ಕಾಣುತ್ತದೆ. ಅಂಥ ಕಡೆ ಬಹಳ ಸಲ ನಕ್ಷೆ ಬರೆದವರೇ ಒಂದು ಸಾಲು ಬಿಟ್ಟಿರುತ್ತಾರೆ.

ಸಂಗ್ರಹಕ್ಕೆ ಅಕ್ಷಾಂಶ ರೇಖಾಂಶ ಇರಲಿ. ಉದ್ದ, ವಿಸ್ತೀರ್ಣ ಅಳೆಯುವಾಗ ಮಾತ್ರ ನಿಮ್ಮ ಜಾಗದ ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) ವಲಯವನ್ನು ಆರಿಸಿಕೊಳ್ಳಿ. ಆಗ ಅಳತೆ ನೇರವಾಗಿ ಮೀಟರಿನಲ್ಲೇ ಬರುತ್ತದೆ. ಡಿಗ್ರಿಯಲ್ಲಿ ಬರೆಯುವಾಗ ಚುಕ್ಕಿಯ ನಂತರ ಏಳು ಅಂಕಿ ಇಡಿ. ಐದೇ ಅಂಕಿ ಇದ್ದರೆ ಒಂದು ಮೀಟರಿನಷ್ಟು ಒರಟು, ಅಂದರೆ ಪಕ್ಕದ ಸಮಾಧಿಗೆ ಜಾರಿದಂತೆ.

ನಾಲ್ಕನೆಯದು: ಕೋಷ್ಟಕಗಳು

ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ತುರುಕುವ ಆಸೆ ಬರುತ್ತದೆ. ಒಂದು ಜಾಗ, ಒಬ್ಬ ವ್ಯಕ್ತಿ, ಒಂದು ಸಾಲು. ಮೊದಲ ವಾರ ಚೆನ್ನಾಗಿರುತ್ತದೆ. ಆಮೇಲೆ ಒಂದೇ ಜಾಗದಲ್ಲಿ ಗಂಡ ಹೆಂಡತಿ ಇಬ್ಬರು ಸಿಗುತ್ತಾರೆ. ಒಂದೇ ಕಲ್ಲಿನ ಮೇಲೆ ಐದು ಹೆಸರು, ಅದರಲ್ಲಿ ಒಬ್ಬರನ್ನು ಹೂಳಿದ್ದು ಬೇರೆ ಊರಿನಲ್ಲಿ. ಇನ್ನೊಬ್ಬರನ್ನು ಮೇಲೆತ್ತಿ ಬೇರೆ ವಿಭಾಗಕ್ಕೆ ಸಾಗಿಸಿದ್ದಾರೆ. ಹಾಳೆ ಅಲ್ಲಿಗೇ ಕುಸಿಯುತ್ತದೆ.

ಹಾಗಾಗಿ ಶುರುವಿನಲ್ಲೇ ನಾಲ್ಕು ಕೋಷ್ಟಕ ಮಾಡಿ: ಜಾಗ, ವ್ಯಕ್ತಿ, ಹೂಳಿಕೆ, ಕಲ್ಲು. ಹೂಳಿಕೆಯ ಕೋಷ್ಟಕ ವ್ಯಕ್ತಿಯನ್ನೂ ಜಾಗವನ್ನೂ ಜೋಡಿಸುತ್ತದೆ: ಇವರನ್ನು, ಈ ಜಾಗದಲ್ಲಿ, ಈ ದಿನ, ಇಷ್ಟು ಆಳದಲ್ಲಿ. ಸಾಗಿಸಿದ್ದರೆ ಹಳೆಯ ದಾಖಲೆಯನ್ನು ಅಳಿಸದೆ 'ಇಲ್ಲಿಯವರೆಗೆ' ಎಂದು ತಾರೀಖು ಹಾಕಿ, ಹೊಸದೊಂದು ಸಾಲು ಸೇರಿಸಿ. ಜಾಗದ ಹಕ್ಕುದಾರರ ವಿವರ ಐದನೆಯ ಕೋಷ್ಟಕ. ಅದಕ್ಕೆ ಪಾಸ್‌ವರ್ಡ್ ಬೇರೆಯೇ ಇರಲಿ.

ಇನ್ನು ಹೆಸರು ಮತ್ತು ತಾರೀಖು. ರಿಜಿಸ್ಟರ್‌ನಲ್ಲಿ ಇದ್ದಂತೆ ಒಂದು ಕಾಲಂ, ಕಲ್ಲಿನ ಮೇಲೆ ಇದ್ದಂತೆ ಒಂದು ಕಾಲಂ, ಹುಡುಕಲು ಸರಿಪಡಿಸಿದ್ದು ಇನ್ನೊಂದು ಕಾಲಂ. ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ ಬರೆಯಿರಿ. ತಿದ್ದುವ ಹಕ್ಕು ಮೂರನೆಯ ಕಾಲಂಗೆ ಮಾತ್ರ. ಕಲ್ಲಿನ ಮೇಲೆ '1931ರಲ್ಲಿ, 63ನೇ ವಯಸ್ಸಿನಲ್ಲಿ' ಅಂತ ಮಾತ್ರ ಇದ್ದರೆ ಹುಟ್ಟಿದ ವರ್ಷ 1867 ಇರಬಹುದು, 1868 ಇರಬಹುದು. 1868 ಅಂತ ಸುಮ್ನೆ ತುಂಬಿಬಿಡಬೇಡಿ. 'ಲೆಕ್ಕ ಹಾಕಿದ್ದು' ಎಂಬ ಗುರುತಿನೊಂದಿಗೆ ಎರಡನ್ನೂ ಬರೆಯಿರಿ.

ತಾರೀಖನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ, 1931-04-12 ಎಂದು ಬರೆಯಿರಿ. ಎಕ್ಸೆಲ್ ಬಳಸುವವರಿಗೆ ಸ್ಮಶಾನದಲ್ಲೇ ಸಿಗುವ ಒಂದು ವಿಚಿತ್ರ ತೊಂದರೆ ಇದೆ. ಎಕ್ಸೆಲ್‌ಗೆ 1900ರ ಜನವರಿ 1ಕ್ಕಿಂತ ಹಿಂದೆ ಕಾಲವೇ ಇಲ್ಲ! 1894ರ ತಾರೀಖು ಕೊಟ್ಟರೆ ಅದನ್ನು ಬರೀ ಅಕ್ಷರ ಎಂದು ಇಟ್ಟುಕೊಳ್ಳುತ್ತದೆ, 1904ರದ್ದನ್ನು ತಾರೀಖು ಎಂದು ಇಟ್ಟುಕೊಳ್ಳುತ್ತದೆ. ಕ್ರಮವಾಗಿ ಜೋಡಿಸಿದಾಗ ಹಳಬರೆಲ್ಲ ಪಟ್ಟಿಯ ಕೊನೆಗೆ ಹೋಗಿ ನಿಲ್ಲುತ್ತಾರೆ. ಪರಿಹಾರ ಸುಲಭ. ವರ್ಷ, ತಿಂಗಳು, ದಿನ ಮೂರನ್ನೂ ಮೂರು ಬೇರೆ ಕಾಲಂಗಳಲ್ಲಿ ಸಂಖ್ಯೆಯಾಗಿ ಇಡಿ. ತಿಂಗಳು ಮಾಸಿಹೋಗಿದ್ದರೆ ಆ ಕಾಲಂ ಖಾಲಿ ಬಿಡಬಹುದು, ವರ್ಷ ಉಳಿಯುತ್ತದೆ.

ಫೈಲಿನ ಬಗೆಯ ವಿಷಯದಲ್ಲೂ ಒಂದು ಮಾತು. ಯಾರಾದರೂ ನಕ್ಷೆಯ ಹಳೆಯ ಫೈಲ್ ಬಗೆಯಾದ 'ಶೇಪ್‌ಫೈಲ್' ಕೊಡಿ ಎಂದರೆ ಕೊಡಿ, ಆದರೆ ಮೂಲವನ್ನು ಅದರಲ್ಲಿ ಇಡಬೇಡಿ. ಅದರಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯುಟಿಎಫ್-8ರಲ್ಲಿ, ಅಂದರೆ ಕಂಪ್ಯೂಟರ್ ಈಗ ಅಕ್ಷರಗಳನ್ನು ಉಳಿಸುವ ಸಾಮಾನ್ಯ ಪದ್ಧತಿಯಲ್ಲಿ, ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಬೇಕು. ಅಂದರೆ ಮೂರು ಚಿಹ್ನೆಗೇ ಹೆಸರು ತುಂಡಾಗುತ್ತದೆ. ಜಿಯೋಪ್ಯಾಕೇಜ್ ಬಳಸಿ. ನಕ್ಷೆ, ಕೋಷ್ಟಕ ಎಲ್ಲ ಒಂದೇ ಫೈಲಿನಲ್ಲಿ ಇರುತ್ತವೆ, ಕನ್ನಡಕ್ಕೂ ತೊಂದರೆಯಿಲ್ಲ.

ಐದನೆಯದು: ಕಲ್ಲು ಓದುವುದು

ಫೋನಿನಲ್ಲಿ ಕ್ಯೂಫೀಲ್ಡ್ (ಕ್ಯೂಜಿಐಎಸ್ ನಕ್ಷೆ ತೆರೆಯುವ ಆ್ಯಪ್) ಹಾಕಿಕೊಂಡರೆ ನೀವು ಮಾಡಿದ ನಕ್ಷೆ ಸ್ಮಶಾನದೊಳಗೇ ತೆರೆಯುತ್ತದೆ, ಇಂಟರ್ನೆಟ್ ಬೇಕಿಲ್ಲ. ಜಾಗವನ್ನು ಮುಟ್ಟಿ ಆರಿಸಿ, ಫೋಟೋ ತೆಗೆಯಿರಿ, ಕಲ್ಲಿನ ಸ್ಥಿತಿ ತುಂಬಿ. ಕಲ್ಲಿನ ಮುಂದೆಯೂ ಹಿಂದೆಯೂ ಫೋಟೋ ಬೇಕು. ಹಿಂಬದಿಯಲ್ಲಿ ಇನ್ನೊಂದು ಹೆಸರು ಇರುವುದು ಅಪರೂಪವೇನಲ್ಲ.

ಅಕ್ಷರ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ನಡುಹಗಲಿನ ನೇರ ಬಿಸಿಲಿನಲ್ಲಿ ಏನೂ ಕಾಣದ ಕಲ್ಲು, ಬಿಸಿಲು ಓರೆಯಾಗಿ ಬಿದ್ದ ಗಳಿಗೆಯಲ್ಲಿ ತಾನಾಗಿ ಓದಿಸಿಕೊಳ್ಳುತ್ತದೆ. ಬಿಸಿಲು ಬೇಕಾದ ಕಡೆ ಬೀಳದಿದ್ದರೆ ಒಬ್ಬರು ಉದ್ದದ ಕನ್ನಡಿ ಹಿಡಿದು ಬೆಳಕನ್ನು ಕಲ್ಲಿನ ಮೇಲೆ ಓರೆಯಾಗಿ ಹಾಯಿಸಲಿ. ಸೀಮೆಸುಣ್ಣ ತಿಕ್ಕುವುದು, ಹಿಟ್ಟು ಬಳಿಯುವುದು, ಶೇವಿಂಗ್ ನೊರೆ ಹಚ್ಚುವುದು, ತಂತಿ ಬ್ರಷ್‌ನಿಂದ ಉಜ್ಜುವುದು ಯಾವುದೂ ಬೇಡ. ಅಕ್ಷರ ಇವತ್ತು ಕಾಣುತ್ತದೆ, ಕಲ್ಲು ನಾಳೆ ಹಾಳಾಗುತ್ತದೆ. ಕ್ಯೂಆರ್ ಕೋಡ್ ಹಚ್ಚುವ ಯೋಚನೆ ಇದ್ದರೆ ಅದನ್ನೂ ಕಲ್ಲಿಗೆ ಅಂಟಿಸಬೇಡಿ. ಸಾಲಿನ ತುದಿಯ ಕಂಬಕ್ಕೆ ಹಾಕಿ.

ಸ್ಥಿತಿಗೆ 1ರಿಂದ 5ರ ಅಂಕ ಕೊಡಿ, 1 ಎಂದರೆ ಗಟ್ಟಿ, 5 ಎಂದರೆ ತೀರಾ ಹಾಳು. ಆದರೆ 3 ಎಂದರೆ ಏನು ಎನ್ನುವುದಕ್ಕೆ ಒಂದು ಮಾದರಿ ಫೋಟೋ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಬ್ಬರ 3 ಇನ್ನೊಬ್ಬರ 5 ಆಗಿರುತ್ತದೆ. ವಾಲಿದ ಕಲ್ಲನ್ನು ಕೈಯಿಂದ ಅಲ್ಲಾಡಿಸಿ ಪರೀಕ್ಷಿಸುವ ಧೈರ್ಯ ಬೇಡ. 'ವಾಲಿದೆ' ಎಂದು ಬರೆದು ಮುಂದೆ ಹೋಗಿ.

ಆರನೆಯದು: 'ಖಾಲಿ' ಬೇರೆ, 'ಗೊತ್ತಿಲ್ಲ' ಬೇರೆ

ಇಷ್ಟಾದ ಮೇಲೆ ನಕ್ಷೆಗೆ ಬಣ್ಣ ಹಾಕುತ್ತೀರಿ. ಬಳಕೆಯಾದದ್ದು ಒಂದು ಬಣ್ಣ, ಕಾದಿರಿಸಿದ್ದು ಒಂದು, ಖಾಲಿ ಇನ್ನೊಂದು. ಇಲ್ಲಿ ಒಂದು ದೊಡ್ಡ ಅಪಾಯ ಇದೆ. ಕಲ್ಲಿಲ್ಲ, ರಿಜಿಸ್ಟರ್‌ನಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಆ ಜಾಗ ಖಾಲಿ ಅಲ್ಲ. ರಿಜಿಸ್ಟರ್‌ನ ಒಂದು ಸಂಪುಟ ಕಳೆದಿರಬಹುದು. ಕಲ್ಲು ಬಿದ್ದು ಮಣ್ಣಲ್ಲಿ ಹೂತಿರಬಹುದು. ಕಲ್ಲು ಇಡಿಸಲು ಆ ಕುಟುಂಬದ ಬಳಿ ಹಣವೇ ಇರಲಿಲ್ಲವೋ ಏನೋ. ಅಂಥ ಜಾಗವನ್ನು ಖಾಲಿ ಎಂದು ಹಸಿರು ಬಣ್ಣದಲ್ಲಿ ತೋರಿಸಿದರೆ ಒಂದು ದಿನ ಯಾರೋ ಅಲ್ಲಿ ಗುದ್ದಲಿ ಹಾಕುತ್ತಾರೆ.

ಆದ್ದರಿಂದ ಎಲ್ಲ ಜಾಗಗಳೂ 'ಗೊತ್ತಿಲ್ಲ' ಎಂಬ ಸ್ಥಿತಿಯಿಂದಲೇ ಶುರುವಾಗಲಿ. 'ಖಾಲಿ' ಎಂದು ಬದಲಿಸಬೇಕಾದರೆ ಕಾರಣ ಬರೆಯಲೇಬೇಕು: ಯಾರು ನೋಡಿದರು, ಯಾವ ದಿನ, ಯಾವ ಆಧಾರದ ಮೇಲೆ. ಆ ಕಾಲಂ ತುಂಬದೆ ಬದಲಾವಣೆ ಸೇವ್ ಆಗದಂತೆ ಕ್ಯೂಜಿಐಎಸ್‌ನಲ್ಲೇ ಕಡ್ಡಾಯ ಮಾಡಬಹುದು.

ದೊಡ್ಡ ಭಾಗವೇ 'ಗೊತ್ತಿಲ್ಲ' ಆಗಿದ್ದರೆ ನೆಲದೊಳಗೆ ನೋಡುವ ರೇಡಾರ್ ತಂಡವನ್ನು ಕರೆಸುವುದು ಒಂದು ದಾರಿ. ಅದರಿಂದ ಏನು ನಿರೀಕ್ಷಿಸಬಹುದು ಎಂದು ತಿಳಿದಿರಲಿ. ರೇಡಾರ್ ಮೂಳೆಯನ್ನು ತೋರಿಸುವುದಿಲ್ಲ. ಒಮ್ಮೆ ಅಗೆದು ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿಗಿಂತ ಬೇರೆ ಇರುತ್ತದೆ, ಆ ವ್ಯತ್ಯಾಸವನ್ನೋ ಪೆಟ್ಟಿಗೆಯ ಟೊಳ್ಳನ್ನೋ ತೋರಿಸುತ್ತದೆ. ಸಮಾಧಿಗಳ ಉದ್ದಕ್ಕೆ ಅಡ್ಡಲಾಗಿ, ಹತ್ತಿರ ಹತ್ತಿರದ ಗೆರೆಗಳಲ್ಲಿ ಯಂತ್ರ ಓಡಿಸಬೇಕು. ಒದ್ದೆ ಜೇಡಿಮಣ್ಣಿನಲ್ಲಿ ಅಲೆಗಳು ಆಳಕ್ಕೆ ಇಳಿಯುವುದಿಲ್ಲ, ಫಲಿತಾಂಶ ಮಂಕು. 'ಏನೂ ಕಾಣಲಿಲ್ಲ' ಎಂಬ ವರದಿ ಬಂದರೂ ಅದನ್ನು 'ಖಾಲಿ' ಎಂದು ಬರೆಯಬೇಡಿ.

ಏಳನೆಯದು: ದಿನದ ಕೆಲಸಕ್ಕೆ ಜೋಡಿಸುವುದು

ನಕ್ಷೆ ತಯಾರಾಗಿ ಎಲ್ಲರೂ ಚಪ್ಪಾಳೆ ತಟ್ಟಿದ ಆರು ತಿಂಗಳಿಗೆ ಅದು ಹಳೆಯದಾಗುವುದೇ ಮಾಮೂಲು. ಕಾರಣ ತಂತ್ರಾಂಶವಲ್ಲ. ಗುಂಡಿ ತೋಡುವವರು ಒಂದು ಕಡೆ, ಕಂಪ್ಯೂಟರ್ ಮುಂದೆ ಕೂತವರು ಇನ್ನೊಂದು ಕಡೆ.

ಪ್ರತಿ ಹೂಳಿಕೆಗೂ ಒಂದು ಚೀಟಿ ಇರಲಿ. ಅದರಲ್ಲಿ ಜಾಗದ ನಂಬರ್, ಆ ಜಾಗದ ಸುತ್ತಲಿನ ಸಣ್ಣ ನಕ್ಷೆ, ಎಡಕ್ಕೂ ಬಲಕ್ಕೂ ಯಾರ ಸಮಾಧಿ ಎಂಬ ಹೆಸರು ಅಚ್ಚಾಗಿರಲಿ. ತೋಡುವವರು ಜಾಗಕ್ಕೆ ಹೋಗಿ ಅಕ್ಕಪಕ್ಕದ ಎರಡೂ ಹೆಸರು ತಾಳೆಯಾದರೆ ಮಾತ್ರ ಗುದ್ದಲಿ ಎತ್ತಬೇಕು. ಬರೀ ನಂಬರ್ ನೋಡಿ ತೋಡಿದರೆ ಒಂದು ಸಾಲು ತಪ್ಪುವುದು ಸುಲಭ. ಕೆಲಸ ಮುಗಿದ ಮೇಲೆ ಅದೇ ಚೀಟಿಯ ಮೇಲೆ ಆಳ ಬರೆದು ಸಹಿ ಹಾಕಲಿ, ಚೀಟಿ ಅದೇ ದಿನ ಕಂಪ್ಯೂಟರಿಗೆ ಏರಲಿ. ನಾಳೆ ಎನ್ನಬೇಡಿ.

ಆಗ ನಕ್ಷೆ ನಿಮಗಾಗಿ ದುಡಿಯಲು ಶುರುಮಾಡುತ್ತದೆ. ಕಾಲುದಾರಿಯಿಂದ ಎರಡು ಮೀಟರ್ ಒಳಗೆ ಇರುವ, ಸ್ಥಿತಿ 4 ಅಥವಾ 5 ಆಗಿರುವ ಕಲ್ಲುಗಳು ಯಾವುವು ಎಂದು ಕೇಳಿದರೆ ಪಟ್ಟಿ ಬರುತ್ತದೆ. ಮೊದಲು ಸರಿಪಡಿಸಬೇಕಾದದ್ದು ಅವೇ, ಏಕೆಂದರೆ ಬಿದ್ದರೆ ಯಾರ ಮೇಲಾದರೂ ಬೀಳುತ್ತವೆ. ಬರುವ ಆರು ತಿಂಗಳಲ್ಲಿ ಹಕ್ಕಿನ ಅವಧಿ ಮುಗಿಯುವ ಜಾಗಗಳು ಯಾವುವು, ಇದೇ ವೇಗದಲ್ಲಿ ಹೋದರೆ ಖಾಲಿ ಜಾಗ ಎಷ್ಟು ವರ್ಷಕ್ಕೆ ಸಾಕು, ಇವಕ್ಕೆಲ್ಲ ಉತ್ತರ ಕೈಯಲ್ಲೇ ಇರುತ್ತದೆ.

ಯಾರು ಏನು ಬದಲಿಸಬಹುದು ಎನ್ನುವುದನ್ನು ಬಿಗಿಯಾಗಿ ಇಡಿ. ಎಲ್ಲರೂ ನೋಡಲಿ, ಇಬ್ಬರು ಮಾತ್ರ ತಿದ್ದಲಿ. ಪ್ರತಿ ತಿದ್ದುಪಡಿಗೂ ಮೊದಲು ಏನಿತ್ತು, ಈಗ ಏನಾಯಿತು, ತಾರೀಖು ಯಾವುದು, ತಿದ್ದಿದವರು ಯಾರು ಎನ್ನುವುದು ಒಂದು ಕೋಷ್ಟಕದಲ್ಲಿ ಉಳಿಯಲಿ.

ಹೊರಗಿನವರಿಗೆ ತೋರಿಸುವಾಗ

ಹೆಸರು, ವರ್ಷ, ಜಾಗದ ನಂಬರ್, ಕಲ್ಲಿನ ಫೋಟೋ ಸಾಕು. ಹಕ್ಕುದಾರರ ವಿಳಾಸ, ಫೋನ್ ನಂಬರ್, ಹಣದ ಬಾಕಿ ಇವು ಬದುಕಿರುವವರ ವಿಷಯ. ಅವು ಹೊರಗೆ ಹೋಗಬಾರದು. ಸಾರ್ವಜನಿಕ ನಕ್ಷೆಗೆ ಬೇರೆಯೇ ಒಂದು ಫೈಲ್ ರಫ್ತು ಮಾಡಿ. ಮೂಲ ಫೈಲಿನಲ್ಲಿ ಕಾಲಂ 'ಮರೆಮಾಚಿ' ಹಂಚುವುದು ಹಂಚಿದಂತೆಯೇ. ಇತ್ತೀಚಿನ ಹೂಳಿಕೆಗಳನ್ನು ಕುಟುಂಬದವರನ್ನು ಕೇಳದೆ ಹಾಕಬೇಡಿ. ಗೋಡೆ, ಗೇಟು, ದಾರಿಗಳನ್ನು ಎಲ್ಲರೂ ಸೇರಿ ಮಾಡುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಿದರೆ ಬರುವವರಿಗೆ ದಾರಿ ಸಿಗುತ್ತದೆ.

ಪ್ರತಿಗಳು, ಮತ್ತು ವರ್ಷಕ್ಕೊಮ್ಮೆ ತಪಾಸಣೆ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ವರ್ಷಕ್ಕೊಮ್ಮೆ ಕೋಷ್ಟಕಗಳನ್ನು ಸಿಎಸ್‌ವಿ ಯುಟಿಎಫ್-8 ಆಗಿ, ಅಂದರೆ ಬರೀ ಅಕ್ಷರದ ಫೈಲಾಗಿ, ತೆಗೆದಿಡಿ. ಇಪ್ಪತ್ತು ವರ್ಷದ ನಂತರ ಯಾವ ತಂತ್ರಾಂಶ ಇರುತ್ತದೋ ಇಲ್ಲವೋ, ಸಿಎಸ್‌ವಿ ತೆರೆಯುತ್ತದೆ. ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ, ತಾರೀಖು ಬರೆದು, ಕಚೇರಿಯಲ್ಲಿ ಇಡಿ. ಕರೆಂಟ್ ಹೋದ ದಿನವೂ ಹೂಳಿಕೆ ನಿಲ್ಲುವುದಿಲ್ಲ.

ತಪಾಸಣೆಗೆ ಕಂಪ್ಯೂಟರಿನಿಂದಲೇ ಮನಬಂದಂತೆ 50 ಜಾಗ ಆರಿಸಿ, ನಡೆದು ಹೋಗಿ ನೋಡಿ. ಆಮೇಲೆ ಉಲ್ಟಾ ಮಾಡಿ. ಸ್ಮಶಾನದಲ್ಲಿ ಕಣ್ಣಿಗೆ ಬಿದ್ದ 50 ಕಲ್ಲುಗಳ ಹೆಸರು ಬರೆದುಕೊಂಡು ಬಂದು ಕಂಪ್ಯೂಟರಿನಲ್ಲಿ ಹುಡುಕಿ. ಎರಡೂ ಕಡೆಯಿಂದ ನೋಡಬೇಕು, ಏಕೆಂದರೆ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲದ ಸಮಾಧಿ ಮೊದಲ ಸುತ್ತಿನಲ್ಲಿ ಸಿಗುವುದಿಲ್ಲ. ತಾಳೆಯಾಗದವು ಎಷ್ಟು ಎಂದು ತಾರೀಖಿನ ಜೊತೆ ಬರೆದಿಡಿ. ಮೊದಲ ವರ್ಷ ಆ ಸಂಖ್ಯೆ ಸೊನ್ನೆ ಬಂದರೆ ಇನ್ನೊಮ್ಮೆ ನಡೆದು ನೋಡಿ, ಬಹುಶಃ ಸರಿಯಾಗಿ ನೋಡಿಲ್ಲ.